ಸೊಸೆಯ ಗುಳಿಗೆ, ಅತ್ತೆಯ ಭರಣಿ

ರಕ್ತದಲ್ಲಿ ಕೊಬ್ಬು ಏರಿದೆ ಎಂದು ತಿಳಿಸಿದ ಮೇಲೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಮನೆಯಲ್ಲಿ ಅಡುಗೆ ಮಾಡುವವರು ಯಾರು ಎಂಬುದು.

ದರ್ಜಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಹೆಂಡತಿಯತ್ತ ಬೆರಳು ತೋರಿಸಿದ. ಅವನು ತೋರಿಸಿದ್ದು ಹೆಮ್ಮೆಯಿಂದಲೇ. ಅವಳಿಗೆ ಮಾತ್ರ ಠಾಣೆಯಲ್ಲಿ ಕಳ್ಳನನ್ನು ಗುರುತು ಹಿಡಿದು ತೋರಿಸಿದ ಹಾಗಾಯಿತು.

ಬೆಣ್ಣೆ ಬೇಡ, ಕೆನೆ ಬೇಡ, ಕರಿದದ್ದು ಬೇಡ, ಕೋಳಿಯ ಚರ್ಮ ಬೇಡ, ಮೊಟ್ಟೆಯ ಹಳದಿ ಬೇಡ ಎಂದು ಡಾಕ್ಟರು ಹೇಳುತ್ತ ಹೋದರು. ಅವಳು ಮೇಜಿನ ಮೇಲಿದ್ದ ರಕ್ತದ ವರದಿಯನ್ನೇ ನೋಡುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಸೌಟಮ್ಮ ಎನ್ನುತ್ತಿದ್ದರು. ಮೊಣಕಾಲು ಕೈಕೊಡುವವರೆಗೂ ಬಟ್ಟೆ ಗಿರಣಿಯ ಕ್ಯಾಂಟೀನನ್ನು ಅವಳೇ ನಡೆಸಿದ್ದಳು. ಅವಳು ಒಗ್ಗರಣೆ ಹಾಕಿದರೆ ಮೂರು ಮನೆ ಆಚೆಗಿದ್ದ ಗಡಿಯಾರ ರಿಪೇರಿಯವನು ತನ್ನ ಕನ್ನಡಕ ಕೆಳಗಿಟ್ಟು ಎದ್ದು ಬರುತ್ತಿದ್ದ. ಅಂಥವಳ ಕೈಯಡುಗೆಯನ್ನು ಒಂದು ಚೂರು ಕಾಗದ ತಪ್ಪು ಎಂದಿತ್ತು.

ಇಬ್ಬರೂ ಮನೆಗೆ ಬಂದರು. ಬಾಗಿಲು ತೆಗೆಯುತ್ತ ಅವಳು ಹೇಳಿದಳು:

“ತಟ್ಟೆ ನಾನು ಇಟ್ಟಿರಬಹುದು. ಮೂರು ಸಲ ಹಾಕಿಸ್ಕೊಂಡಿದ್ದು ನೀವು.”

ದರ್ಜಿ ನಕ್ಕ. ಅವನು ಯಾರ ಮಾತಿಗೂ ನಗುವವನೇ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಬೀದಿಗೆ ತೆರೆದ ಅಗಲ ಬಾಗಿಲು, ಎರಡು ಹೊಲಿಗೆ ಯಂತ್ರ, ಬಟ್ಟೆ ಕತ್ತರಿಸುವ ಉದ್ದ ಮೇಜು. ದಿನವಿಡೀ ಕೂತು ಹೊಲಿದು ಹಿಂದೊಮ್ಮೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ, ಅಂದಿನಿಂದ ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿದ್ದ. ಕೊಬ್ಬಿಗೆಂದು ಕೊಟ್ಟ ಗುಳಿಗೆಯೂ ಒಮ್ಮೆ ಆಗಿಹೋಗಿತ್ತು. ಅದನ್ನು ತಿಂದರೆ ಮೈಕೈ ನೋವು, ಯಂತ್ರ ತುಳಿಯಲು ಆಗುವುದಿಲ್ಲ ಎಂದು ಬಿಟ್ಟಿದ್ದ. ಮತ್ತೆ ಅದನ್ನು ಮುಟ್ಟುವುದಿಲ್ಲ ಎಂಬುದು ಅವನ ಹಟ.

ಆ ಸಂಜೆ ಊಟದ ಹೊತ್ತಿಗೆ ವಿಷಯ ಸೊಸೆಯ ಕಿವಿಗೆ ಬಿತ್ತು. ಅವಳಿಗೆ ಊರಾಚೆ ಗಿಡಮೂಲಿಕೆಗಳ ಸಾರ ತೆಗೆಯುವ ಕಾರ್ಖಾನೆಯಲ್ಲಿ ಕೆಲಸ. ಒಣಗಿದ ಎಲೆ, ಬೇರು, ತೊಗಟೆಗಳು ಚೀಲಗಳಲ್ಲಿ ಬರುತ್ತವೆ. ಪುಡಿಯಾಗಿ, ಸ್ಪಿರಿಟ್ಟಿನಲ್ಲಿ ನೆನೆದು, ಸೋಸಿ, ಇಂಗಿಸಿದ ಮೇಲೆ ಕೀಲೆಣ್ಣೆಯಂಥ ಕಪ್ಪು ಅಂಟು ಉಳಿಯುತ್ತದೆ. ಅದು ಒಣಗಿ ಪುಡಿಯಾಗಿ ಗುಳಿಗೆಯಾಗುವ ಮುಂಚೆ ಅದರಲ್ಲಿ ಇರಬೇಕಾದ ಸತ್ವ ಇದೆಯೇ, ಇರಬಾರದ್ದು ಇದೆಯೇ ಎಂದು ಪರೀಕ್ಷಿಸುವವರಲ್ಲಿ ಅವಳೂ ಒಬ್ಬಳು. ಎಷ್ಟು ತೊಳೆದರೂ ಅವಳ ಉಗುರಿನ ಸುತ್ತ ಹಸಿರುಗಪ್ಪು ಬಣ್ಣ ಹೋಗುತ್ತಿರಲಿಲ್ಲ, ಕೂದಲಲ್ಲಿ ಒದ್ದೆ ಹುಲ್ಲಿನ ವಾಸನೆ.

ತಮ್ಮಲ್ಲಿ ಬೂದು ಎಲೆಯ ಒಂದು ಮುಳ್ಳುಗಿಡದ ಸಾರ ತೆಗೆಯುತ್ತಾರೆ, ಕೊಬ್ಬು ಇಳಿಸಲು ಎಷ್ಟೋ ಜನ ತೆಗೆದುಕೊಳ್ಳುತ್ತಾರೆ, ಡಾಕ್ಟರನ್ನು ಕೇಳಿ ನೋಡೋಣ ಎಂದಳು. ದೇಹದೊಳಗಿನ ಉತ್ಕರ್ಷಣ ಒತ್ತಡವನ್ನೂ ಅದು ತಗ್ಗಿಸುತ್ತದಂತೆ.

“ಉತ್ಕರ್ಷ ಅಂದ್ರೆ ಏಳಿಗೆ ಅಲ್ವಾ?” ಎಂದಳು ಸೌಟಮ್ಮ. “ಏಳಿಗೆ ಕಡಿಮೆ ಆಗ್ಲಿ ಅಂತ ಯಾರಾದ್ರೂ ಔಷಧಿ ತಗೋತಾರಾ?”

“ಆ ಉತ್ಕರ್ಷ ಅಲ್ಲ ಅತ್ತೆ. ಹೆಚ್ಚಿಟ್ಟ ಸೇಬು ಕಂದುಬಣ್ಣಕ್ಕೆ ತಿರುಗುತ್ತಲ್ಲ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತಲ್ಲ, ಹಾಗೆ. ನಮ್ಮೊಳಗೂ ಒಂಥರಾ ತುಕ್ಕು ಹಿಡೀತಾ ಇರುತ್ತೆ.”

“ಹಾಗಾದ್ರೆ ನಿಮ್ಮ ಮಾವನಿಗೆ ತುಕ್ಕು ಹಿಡಿಸಿದ್ದು ನಾನು.”

ಸೊಸೆ ತಟ್ಟೆ ನೋಡಿಕೊಂಡು ಉಂಡಳು. ಮಗ ನೀರಿನ ಲೋಟ ಎತ್ತಿಕೊಂಡ. ಅವನು ಸಿಟಿ ಬಸ್ಸಿನ ಡ್ರೈವರು. ದಿನವಿಡೀ ಹಾರ್ನು ಕೇಳಿದವನಿಗೆ ಮನೆಯಲ್ಲಿ ಸದ್ದು ಬೇಡವಾಗಿತ್ತು.

ಡಾಕ್ಟರ ಬಳಿಗೆ ಮಾವನನ್ನು ಸೊಸೆಯೇ ಕರೆದುಕೊಂಡು ಹೋದಳು. ಡಬ್ಬಿಯ ಮೇಲಿನ ಚೀಟಿಯನ್ನು ಅವರು ಓದಿದರು, ಏನೇನೋ ಕೇಳಿದರು, ಮೂರು ತಿಂಗಳು ನೋಡೋಣ ಎಂದರು. ಊಟದ ಪಥ್ಯ ಬಿಡಬಾರದು, ದಿನಾ ನಡೆಯಬೇಕು, ಇಷ್ಟರ ಹೊರತು ಬೇರೆ ಯಾವ ಸೊಪ್ಪುಸದೆಯ ಔಷಧಿಯನ್ನೂ ಬಾಯಿಗೆ ಹಾಕಬಾರದು, ಅದರಲ್ಲೂ ರಕ್ತ ತೆಳುವಾಗಿಸುವ ಗುಳಿಗೆಯ ಜೊತೆ ಹುಷಾರು ಎಂದು ಎರಡೆರಡು ಸಲ ಹೇಳಿದರು. ಆವತ್ತು ಸೌಟಮ್ಮ ಜೊತೆಗೆ ಹೋಗಿರಲಿಲ್ಲ. ಹೋಗಬೇಕೆಂದು ಸೀರೆ ಬದಲಿಸಿಕೊಂಡು ಕೂತಿದ್ದಳು. ನೀನ್ಯಾಕೆ ಸುಮ್ಮನೆ ಮೊಣಕಾಲು ನೋಯಿಸಿಕೊಳ್ತೀಯ ಎಂದು ದರ್ಜಿಯೇ ತಡೆದಿದ್ದ.

ಅಡುಗೆಮನೆಯ ರೀತಿ ಬದಲಾಯಿತು. ಹಾಲು ಕಾಯಿಸಿ ಆರಿಸಿ ಕೆನೆ ತೆಗೆದು ಅವನಿಗೆ ಕೊಡಬೇಕು. ಮೊಟ್ಟೆ ಬೇಯಿಸಿ ಒಡೆದು ಬಿಳಿಯದನ್ನು ಮಾತ್ರ ಅವನ ತಟ್ಟೆಗೆ ಹಾಕಬೇಕು. ಕೋಳಿಯ ಚರ್ಮ ಸುಲಿದು ಆಮೇಲೆ ಬೇಯಿಸಬೇಕು. ಇದೆಲ್ಲವನ್ನೂ ಸೌಟಮ್ಮ ಚಾಚೂ ತಪ್ಪದೆ ಮಾಡಿದಳು. ದರ್ಜಿ ಬೇಯಿಸಿದ ತರಕಾರಿಯನ್ನು ಸದ್ದಿಲ್ಲದೆ ಉಣ್ಣುತ್ತಿದ್ದ. ಮೊದಲೆಲ್ಲ ಎರಡನೆಯ ತುತ್ತಿಗೇ “ಇವತ್ತು ಏನೇ ಹಾಕಿದ್ದೀಯ ಇದಕ್ಕೆ?” ಎನ್ನುವವನು. ಈಗ ಊಟ ಮುಗಿಸಿ ಕೈತೊಳೆದು, ಮಗುವಿನ ಹಾಗೆ ಸೊಸೆಯ ಕಡೆ ಅಂಗೈ ಚಾಚಿ ಕೂರುತ್ತಿದ್ದ. ಅವಳು ಗುಳಿಗೆ ಇಟ್ಟು, ನೀರು ಕೊಟ್ಟು, ಅವನು ನುಂಗುವವರೆಗೂ ನಿಂತಿರುತ್ತಿದ್ದಳು.

“ನಮ್ಮ ಡಾಕ್ಟರಮ್ಮ” ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಂಡ. ಕೋಟಿನ ಅಳತೆ ಕೊಡಲು ಬಂದವನು ಕೈ ಅಗಲಿಸಿ ನಿಂತಿರುವಾಗ ಎದೆಗೆ ಟೇಪು ಸುತ್ತಿ, ಸೇಬಿನ ಕತೆ, ತುಕ್ಕಿನ ಕತೆ ಹೇಳುತ್ತಿದ್ದ. ಸೊಸೆಗೆ ಪ್ರಯೋಗಾಲಯದಲ್ಲಿ ಹಾಕಿಕೊಳ್ಳಲೆಂದು ಬಿಳಿಯ ಕೋಟೊಂದನ್ನು ಹೊಲಿದುಕೊಟ್ಟ. ಒಳಜೇಬು ಬೇರೆ, ಪೆನ್ನಿಗೆ ಸಣ್ಣ ಜೇಬು ಬೇರೆ. ಸೌಟಮ್ಮನ ಚಳಿಯ ಮೇಲಂಗಿ ತೋಳು ಹರಿದು ಹೋದ ವರ್ಷದಿಂದ ಅದೇ ಅಂಗಡಿಯ ಗೂಟದಲ್ಲಿ ನೇತಾಡುತ್ತಿತ್ತು.

“ಅದಕ್ಕೂ ಒಂದು ಸೂಜಿ ದಾರ ತೋರಿಸಿ” ಎಂದಳು ಒಂದು ದಿನ.

“ನಾಳೆ ಮಾಡ್ತೀನಿ ಬಿಡೆ, ನೀನೇನು ಆಫೀಸಿಗೆ ಹೋಗ್ಬೇಕಾ?”

ಅವಳು ಮೇಲಂಗಿಯನ್ನು ಗೂಟದಿಂದ ತೆಗೆದುಕೊಂಡು ಒಳಗೆ ಹೋದಳು. ತಾನೇ ಹೊಲಿದುಕೊಂಡಳು. ಆ ದಿನದ ಪಲ್ಯಕ್ಕೆ ಉಪ್ಪು ಹಾಕಲಿಲ್ಲ. ಉಪ್ಪೂ ಕಡಿಮೆ ಮಾಡಬೇಕೆಂದು ನಿಮ್ಮ ಡಾಕ್ಟರಮ್ಮ ಹೇಳುವ ಮುಂಚೆ ನಾನೇ ಮಾಡಿದ್ದೇನೆ ಎಂದಳು.

ಒಂದೂವರೆ ತಿಂಗಳಾದ ಮೇಲೆ ಮತ್ತೆ ರಕ್ತ ಕೊಟ್ಟರು. ಕೊಬ್ಬು ಇಳಿದಿತ್ತು. ದರ್ಜಿ ಆ ಕಾಗದವನ್ನು ಅಂಗಡಿಯಲ್ಲಿ ಎಲ್ಲರಿಗೂ ತೋರಿಸಿ, ಕೊನೆಗೆ ಊಟದ ಮೇಜಿನ ಮೇಲೂ ಹರಡಿದ. ಸೊಸೆ ನ್ಯಾಯವಾಗಿಯೇ ಮಾತಾಡಿದಳು. ಗುಳಿಗೆ ಎಂದರೆ ಮಂತ್ರವಲ್ಲ, ಊಟ ಸರಿಯಾಗಿದ್ದದ್ದಕ್ಕೆ, ದಿನಾ ನಡೆದದ್ದಕ್ಕೆ ಇಳಿದಿದೆ, ಅತ್ತೆಯ ಕಷ್ಟವೇ ಹೆಚ್ಚು ಎಂದಳು. ಆದರೆ ಹಾಗೆ ಹೇಳುವಾಗ ಅವಳ ಮುಖ ಅರಳಿತ್ತು. ಅತ್ತೆಯ ಕಣ್ಣಿಗೆ ಮಾತಿಗಿಂತ ಆ ಮುಖ ಹೆಚ್ಚು ಕಂಡಿತು.

“ಸಪ್ಪೆ ಬೇಯಿಸೋದು ಯಾರ ಕೈಲಾದ್ರೂ ಆಗುತ್ತೆ” ಎಂದ ದರ್ಜಿ. “ಗುಣ ಇರೋದು ಆ ಸಾರದಲ್ಲಿ.”

“ಅವಳು ಮಾಡೋದು ಸಾರ, ನಾನು ಮಾಡೋದು ಸಾರು” ಎಂದಳು ಸೌಟಮ್ಮ. “ಬರೆದು ನೋಡಿ. ಒಂದು ಕೊಂಬು ನನ್ನದೇ ಜಾಸ್ತಿ.”

“ಆ ಕೊಂಬೇ ನೋಡು ತೊಂದರೆ ಆಗಿರೋದು” ಎಂದು ದರ್ಜಿ ನಕ್ಕ. ಮಗನೂ ನಕ್ಕುಬಿಟ್ಟ. ಸೊಸೆ ನಗು ತಡೆದುಕೊಂಡಳು, ತಡೆದುಕೊಂಡದ್ದು ಕಾಣಿಸಿತು. ಸೌಟಮ್ಮ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಎದ್ದಳು.

ಮಾರನೆಯ ದಿನ ಮಾರುಕಟ್ಟೆಗೆ ಹೋದವಳು ತರಕಾರಿ ಸಾಲಿನ ಕೊನೆಯಲ್ಲಿ ಬೇರು ಸೊಪ್ಪು ಮಾರುವವಳ ಎದುರು ನಿಂತಳು. ಕೊಬ್ಬಿಗೆ ಏನಾದರೂ ಇದೆಯೇ ಎಂದು ಕೇಳಿದಳು. ನಿಮ್ಮ ಅಡುಗೆಮನೆಯಲ್ಲೇ ಇದೆಯಲ್ಲ ಎಂದಳು ಅವಳು. ಹಸಿ ಬೆಳ್ಳುಳ್ಳಿಯನ್ನು ಜಜ್ಜಿ, ಶುಂಠಿಯ ರಸ ಬೆರೆಸಿ, ಜೇನಿನಲ್ಲಿ ಮುಳುಗಿಸಿ ಕತ್ತಲಲ್ಲಿ ಇಡಬೇಕು. ಬೆಂಕಿ ತೋರಿಸಬಾರದು, ತೋರಿಸಿದರೆ ಸತ್ವ ಹೋಗುತ್ತದೆ. ನಿಮ್ಮವರು ಬೇರೆ ಏನಾದರೂ ಗುಳಿಗೆ ತೆಗೆದುಕೊಳ್ಳುತ್ತಾರೆಯೇ ಎಂದೂ ಆಕೆ ಕೇಳಿದಳು. ಸೌಟಮ್ಮ ಇಲ್ಲ ಎಂದಳು. ಸೊಸೆಯ ಗುಳಿಗೆಯ ಹೆಸರು ತನ್ನ ಬಾಯಲ್ಲಿ ಬರುವುದು ಅವಳಿಗೆ ಬೇಕಿರಲಿಲ್ಲ. ಕಾಲಿಗೆಂದು ನುಂಗುವ ರಕ್ತ ತೆಳುವಾಗಿಸುವ ಗುಳಿಗೆ ಎಷ್ಟೋ ವರ್ಷದಿಂದ ನಡೆದು ಬಂದದ್ದು, ಅದು ಅವಳ ನೆನಪಿಗೇ ಬರಲಿಲ್ಲ.

ಸೊಸೆ ಕೆಲಸಕ್ಕೆ ಹೋದ ಮೇಲೆ ಅವಳು ಬೆಳ್ಳುಳ್ಳಿ ಸುಲಿಯಲು ಕೂತಳು. ಗುಡ್ಡೆ ಗುಡ್ಡೆ ಸುಲಿದಳು. ಉಗುರಿನ ಬುಡ ಉರಿಯಿತು. ಜಜ್ಜಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಅಕ್ಕಿ ಡಬ್ಬದ ಹಿಂದೆ ಇಟ್ಟಳು. ದಿನಾ ಮರದ ಸೌಟಿನಿಂದ ತಿರುವಿದಳು. ರಸ ಇಳಿದು ಜೇನು ನೀರಾದಾಗ, ಗಂಡ ಕೋಟುಗಳ ಒಳಪದರಕ್ಕೆ ಹಾಕುವ ನಯವಾದ ಬಟ್ಟೆಯ ತುಂಡಿನಲ್ಲಿ ಸೋಸಿದಳು. ಒಲೆ ಹಚ್ಚದೆ ಅವಳು ಮಾಡಿದ ಮೊದಲ ಪಾಕ ಅದು. ಬೆಳಕಿಗೆ ಹಿಡಿದರೆ ಚಿನ್ನದ ಬಣ್ಣ. ನೋಡಿ ಅವಳಿಗೇ ಸಂತೋಷವಾಯಿತು. ಆ ಕಾರ್ಖಾನೆಯಲ್ಲಿ ಅವರು ಮಾಡುವುದೂ ಇದನ್ನೇ ಅಲ್ಲವೇ, ಇದಕ್ಕೆ ಅಷ್ಟೊಂದು ಜಂಭ ಯಾಕೆ ಎಂದುಕೊಂಡಳು.

ಬೆಳಗಿನ ಚಹಾ ಆದ ಸ್ವಲ್ಪ ಹೊತ್ತಿಗೆ ಅಂಗಡಿಗೆ ಒಯ್ದು ಕೊಟ್ಟಳು.

“ಏನಿದು?”

“ಕುಡೀರಿ. ನಿಮ್ಮ ಡಾಕ್ಟರಮ್ಮನಿಗೆ ಹೇಳ್ಬೇಡಿ.”

ದರ್ಜಿ ಮೂಸಿ ನೋಡಿದ. ಲೋಟವನ್ನು ಮೇಜಿನ ಮೇಲಿಟ್ಟು ಮತ್ತೆ ಎತ್ತಿಕೊಂಡ. ಆಮೇಲೆ ಕುಡಿದು ತುಟಿ ಒರೆಸಿಕೊಂಡು, ಎಷ್ಟಾದರೂ ನಿನ್ನ ಕೈಯ ಔಷಧಿಯೇ ಔಷಧಿ, ಆ ಗುಳಿಗೆಗೇನು ರುಚಿಯೇ ವಾಸನೆಯೇ ಎಂದ. ಸೌಟಮ್ಮನಿಗೆ ಎಷ್ಟೋ ವಾರಗಳ ಮೇಲೆ ಹಸಿವಾಯಿತು.

ಅಂದಿನಿಂದ ಬೆಳಗ್ಗೆ ಒಂದು ಲೋಟ ಅವಳದು. ಮಧ್ಯಾಹ್ನದ ಹೊತ್ತಿಗೆ ಇನ್ನೊಂದು. ಕೊಬ್ಬು ಇಳಿದರೆ ಯಾರ ಔಷಧಿಯಿಂದ ಇಳಿಯಿತೆಂದು ತನಗೊಬ್ಬಳಿಗಾದರೂ ಗೊತ್ತಿರುತ್ತದೆ ಎಂದು ಅವಳು ಅಳತೆಯನ್ನು ಸ್ವಲ್ಪ ಸ್ವಲ್ಪ ಹೆಚ್ಚಿಸಿದಳು. ದರ್ಜಿ ಲವಂಗ ಅಗಿದು ವಾಸನೆ ಮುಚ್ಚಿಕೊಂಡ. ಸಂಜೆ ಸೊಸೆಯ ಮುಂದೆ ಅಂಗೈ ಚಾಚಿ, ನಿನ್ನ ಗುಳಿಗೆ ನುಂಗಿದ ಮೇಲೆ ಮೈ ಹಗುರವಾಗಿದೆಯಮ್ಮ ಎಂದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಇಬ್ಬರೂ ಅವನನ್ನು ನೋಡಿಕೊಳ್ಳುತ್ತಿದ್ದರು, ಇಬ್ಬರಿಗೂ ಸಮಾಧಾನವಿತ್ತು, ಅವನ ಮುಖದಲ್ಲಿ ಕಳೆ ಬಂದಿತ್ತು.

ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಬಂದದ್ದನ್ನು ಅವನು ಯಾರಿಗೂ ಹೇಳಲಿಲ್ಲ. ಮೇಜಿಗೆ ತಗುಲಿದ ಕಡೆಯಲ್ಲೆಲ್ಲ ಮುಂಗೈ ಮೇಲೆ ನೀಲಿ ಮಚ್ಚೆಗಳು ಎದ್ದವು. ಅಂಗಿಯ ತೋಳು ಮಡಿಸುವುದನ್ನು ಬಿಟ್ಟು ಗುಂಡಿ ಹಾಕಿಕೊಂಡ.

ಒಂದು ಮಧ್ಯಾಹ್ನ ಬಿಳಿ ಬಟ್ಟೆ ಕತ್ತರಿಸುವಾಗ ಕತ್ತರಿಯ ತುದಿ ಹೆಬ್ಬೆರಳಿಗೆ ತಾಗಿತು. ದರ್ಜಿಯಾದವನಿಗೆ ಅದೇನು ಹೊಸತಲ್ಲ. ಬಾಯಲ್ಲಿಟ್ಟು ಚೀಪಿ, ಚೂರು ಬಟ್ಟೆ ಸುತ್ತಿ ಕೆಲಸ ಮುಂದುವರಿಸಿದ. ಬಟ್ಟೆ ಒದ್ದೆಯಾಯಿತು. ಇನ್ನೊಂದು ಸುತ್ತಿದ, ಅದೂ ಒದ್ದೆಯಾಯಿತು. ತಲೆ ತಗ್ಗಿಸಿ ಅದನ್ನು ಬಿಗಿಯುತ್ತಿರುವಾಗ ಮೂಗಿನಿಂದಲೂ ರಕ್ತ ತೊಟ್ಟಿಕ್ಕಿ ಹರವಿಟ್ಟ ಬಿಳಿ ಬಟ್ಟೆಯ ಮೇಲೆ ಬಿತ್ತು. ಸೌಟಮ್ಮ ಊಟಕ್ಕೆ ಕರೆಯಲು ಬಂದಾಗ ಅವನು ತಲೆ ಹಿಂದಕ್ಕೆ ಒರಗಿಸಿ ಯಂತ್ರದ ಮುಂದೆ ಕೂತಿದ್ದ, ಅಂಗಿಯ ಎದೆ ಕೆಂಪಾಗಿತ್ತು. ಗಡಿಯಾರದವನು ಓಡಿ ಬಂದು ವಾಹನ ಕರೆಸಿದ. ಮಗ ಅರ್ಧ ದಾರಿಯಲ್ಲಿ ಬಸ್ಸನ್ನು ಇನ್ನೊಬ್ಬನಿಗೆ ಒಪ್ಪಿಸಿ ಬಂದ. ಸೊಸೆ ಅದೇ ಬಿಳಿ ಕೋಟಿನಲ್ಲಿ ಬಂದಳು.

ಆಸ್ಪತ್ರೆಯಲ್ಲಿ ಇದ್ದವರು ಬೇರೆ ಡಾಕ್ಟರು, ವಯಸ್ಸು ಚಿಕ್ಕದು, ಬಾಯಿ ದೊಡ್ಡದು. ಕಾಲಿನ ಗುಳಿಗೆಯ ಜೊತೆ ಇನ್ನೇನು ತೆಗೆದುಕೊಳ್ಳುತ್ತಿದ್ದರು ಎಂದು ಕೇಳಿದರು. ಸೊಸೆ ಗುಳಿಗೆಯ ಡಬ್ಬಿ ತೋರಿಸಿದಳು. ಬೇರೇನೂ ಇಲ್ಲವೇ ಎಂದರು. ಬೇರೇನೂ ಇಲ್ಲ ಎಂದು ಸೊಸೆ ಗಟ್ಟಿಯಾಗಿ ಹೇಳಿದಳು. ಸೌಟಮ್ಮ ಗಂಡನ ಮುಖ ನೋಡಿದಳು. ಅವನು ಕಣ್ಣು ಮುಚ್ಚಿಕೊಂಡ.

ಡಾಕ್ಟರು ಡಬ್ಬಿಯನ್ನು ಹಿಂದಕ್ಕೆ ಕೊಟ್ಟು, ಸೊಪ್ಪು ಕಲಸಿ ಗುಳಿಗೆ ಮಾಡುವವರೆಲ್ಲ ಡಾಕ್ಟರಾದರೆ ನಾವು ಅಂಗಡಿ ಮುಚ್ಚಬೇಕಾಗುತ್ತದೆ ಎಂದರು. ಹೊರಗೆ ಬೆಂಚಿನ ಹತ್ತಿರ ಮಗ ಹೆಂಡತಿಗೆ ಹೇಳಿದ:

“ನಿನ್ನ ಬುದ್ಧಿವಂತಿಕೆ ತೋರಿಸೋಕೆ ನಮ್ಮಪ್ಪನೇ ಬೇಕಿತ್ತಾ?”

“ಡಾಕ್ಟರು ಒಪ್ಪಿದ ಮೇಲೇ ಕೊಟ್ಟಿದ್ದು. ನಿಮಗೂ ಗೊತ್ತು.”

“ನನಗೆ ಗೊತ್ತಿರೋದು ಇಷ್ಟೇ. ಡಾಕ್ಟರಮ್ಮ, ಡಾಕ್ಟರಮ್ಮ ಅಂತ ಅವರು ಉಬ್ಬಿಸಿದ್ರು, ನೀನು ಉಬ್ಬಿದೆ. ಇಷ್ಟು ವರ್ಷ ಬಸ್ಸಿಗೆ ಒಂದು ಗೀರು ಬೀಳದ ಹಾಗೆ ಓಡಿಸಿದ್ದೀನಿ. ನನಗೆ ಒಂದು ದಿನ ಭೇಷ್ ಅಂದವರಲ್ಲ ಅವರು.”

ಸೊಸೆ ಕೋಟು ಬಿಚ್ಚಿ ಮಡಿಸಿ ತೊಡೆಯ ಮೇಲಿಟ್ಟುಕೊಂಡಳು. ಸೌಟಮ್ಮ ಆಚೆ ಬೆಂಚಿನಲ್ಲಿ ಗಂಡನ ಚಪ್ಪಲಿಗಳನ್ನು ಚೀಲದಲ್ಲಿ ಹಿಡಿದು ಕೂತಿದ್ದಳು. ಅವಳಿಗೆ ಭಯವಾಗಿತ್ತು. ಬೆಳ್ಳುಳ್ಳಿಯ ಮಾತು ನಾಲಿಗೆಯ ತುದಿಗೆ ಬಂದು ಮೂರು ಸಲ ಹಿಂದಕ್ಕೆ ಹೋಯಿತು. ಆದರೂ, ಆ ಭಯದ ಅಡಿಯಲ್ಲಿ, ಸೊಸೆ ಬೈಸಿಕೊಂಡದ್ದು ಅವಳಿಗೆ ಸಣ್ಣಗೆ ತಂಪೆನಿಸಿತು. ಹಾಗೆ ಅನಿಸಿದ್ದು ಅವಳಿಗೆ ಗೊತ್ತಾಯಿತು ಕೂಡ.

ರಕ್ತ ನಿಂತಿತು. ಎರಡು ದಿನ ಇಟ್ಟುಕೊಂಡು, ಕಾಲಿನ ಗುಳಿಗೆಯ ಅಳತೆ ನೋಡಿ, ಮಿಕ್ಕದ್ದೆಲ್ಲ ನಿಲ್ಲಿಸಿ ಮನೆಗೆ ಕಳಿಸಿದರು.

ಮನೆಯಲ್ಲಿ ಮಾತು ನಿಂತುಹೋಗಿತ್ತು. ಸೊಸೆ ಎಲ್ಲರಿಗಿಂತ ಮುಂಚೆ ಉಂಡು ಮಹಡಿ ಹತ್ತುತ್ತಿದ್ದಳು. ಉಳಿದ ಗುಳಿಗೆಗಳನ್ನು ಕಾರ್ಖಾನೆಗೆ ಒಯ್ದು ಮೇಲಿನವರನ್ನು ಒಪ್ಪಿಸಿ ಮತ್ತೆ ಪರೀಕ್ಷೆ ಮಾಡಿದಳಂತೆ. ಕಲಬೆರಕೆ ಇಲ್ಲ, ಅಳತೆ ತಪ್ಪಿಲ್ಲ. ಹಾಗಾದರೆ ರಕ್ತ ಯಾಕೆ ನಿಲ್ಲಲಿಲ್ಲ ಎಂಬುದು ಅವಳಿಗೆ ತಿಳಿಯಲಿಲ್ಲ. ಪಾತ್ರೆ ತೊಳೆಯುವಾಗ ತೊಳೆದ ತಟ್ಟೆಯನ್ನೇ ಮತ್ತೆ ಮತ್ತೆ ತೊಳೆಯುತ್ತಿದ್ದಳು. ಕೆಲಸ ಬಿಟ್ಟುಬಿಡುತ್ತೇನೆ, ತನ್ನ ಕೈ ದಾಟಿ ಹೋದ ಯಾವ ಡಬ್ಬಿಯನ್ನೂ ಈಗ ನಂಬಲಾಗುತ್ತಿಲ್ಲ ಎಂದು ಗಂಡನಿಗೆ ಹೇಳಿದ್ದು ಮೆಟ್ಟಿಲ ಕೆಳಗಿದ್ದ ಸೌಟಮ್ಮನಿಗೆ ಕೇಳಿಸಿತು.

ಅವಳಿಗೆ ಆಗ ತಂಪೆನಿಸಲಿಲ್ಲ. ನೇರವಾಗಿ ಅಂಗಡಿಗೆ ಹೋದಳು. ದರ್ಜಿ ಬ್ಯಾಂಡೇಜಿನ ಬೆರಳು ಎತ್ತಿ ಹಿಡಿದು ಕೋಟಿನ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ.

“ಆ ಹುಡುಗಿ ಕೆಲಸ ಬಿಡ್ತಾಳಂತೆ. ಇವತ್ತು ಹೇಳಿಬಿಡೋಣ.”

“ಸುಮ್ನಿರು. ಹೇಳಿದ್ರೆ ನಿನ್ನ ಮರ್ಯಾದೆ ಹೋಗುತ್ತೆ. ಎರಡು ದಿನ ಆದ್ರೆ ತಾನೇ ತಣ್ಣಗಾಗುತ್ತೆ.”

“ಬೆಳ್ಳುಳ್ಳಿಯಿಂದ ಹೀಗಾಗುತ್ತೆ ಅಂತ ನನಗೇನು ಗೊತ್ತಿತ್ತು?”

“ನಿನಗೆ ಹೇಗೆ ಗೊತ್ತಾಗ್ಬೇಕು? ಡಾಕ್ಟರು ಹೇಳಿದ ದಿನ ನೀನೆಲ್ಲಿ ಬಂದಿದ್ದೆ?”

“ಏನು ಹೇಳಿದ್ರು?”

ದರ್ಜಿ ಸೂಜಿ ನಿಲ್ಲಿಸಿದ. ಹೇಳಬಾರದ್ದು ಹೇಳಿಬಿಟ್ಟದ್ದು ಅವನಿಗೆ ಗೊತ್ತಾಯಿತು. ಅವಳು ಬಿಡಲಿಲ್ಲ. ಬೇರೆ ಯಾವ ಸೊಪ್ಪುಸದೆಯನ್ನೂ ಮುಟ್ಟಬಾರದು ಎಂದು ಡಾಕ್ಟರು ಎರಡು ಸಲ ಹೇಳಿದ್ದನ್ನು ಅವನ ಬಾಯಿಂದಲೇ ಹೊರಡಿಸಿದಳು.

“ಗೊತ್ತಿದ್ದೂ ಕುಡಿದ್ರಾ?”

“ನೀನು ಅಷ್ಟು ಆಸೆಯಿಂದ ತಂದು ಕೊಡ್ತಿದ್ದೆ.”

“ಅದೊಂದೇನಾ?”

ಅವನು ಕೋಟಿನ ಗುಂಡಿಯನ್ನು ತಿರುಗಿಸುತ್ತ ಕೂತ. “ಚೆನ್ನಾಗಿತ್ತು ಕಣೇ” ಎಂದ ಕೊನೆಗೆ. “ಆ ಕಡೆಯಿಂದ ಒಬ್ಬಳು, ಈ ಕಡೆಯಿಂದ ಒಬ್ಬಳು, ನಾನು ತಾನು ಅಂತ. ಈ ವಯಸ್ಸಲ್ಲಿ ಯಾರಿಗೆ ಸಿಗುತ್ತೆ?”

ಸೌಟಮ್ಮ ಅವನನ್ನು ನೋಡುತ್ತ ನಿಂತಳು. ಇಷ್ಟು ದಿನ ತನ್ನ ಹೊಟ್ಟೆ ಉರಿಯುತ್ತಿದ್ದರೆ ಈ ಮನುಷ್ಯ ಅದರಲ್ಲಿ ಚಳಿ ಕಾಯಿಸಿಕೊಳ್ಳುತ್ತಿದ್ದ.

ಸಂಜೆ ಎಲ್ಲರೂ ಒಟ್ಟಿಗೆ ಕೂರಬೇಕೆಂದು ಮಹಡಿಗೆ ಕೂಗಿ ಹೇಳಿದಳು. ಕೂತ ಮೇಲೆ ಅಕ್ಕಿ ಡಬ್ಬದ ಹಿಂದಿನಿಂದ ಭರಣಿ ತೆಗೆದು ಮೇಜಿನ ನಡುವೆ ಇಟ್ಟು ಬಟ್ಟೆ ಬಿಚ್ಚಿದಳು. ಕೋಣೆಯ ತುಂಬ ಬೆಳ್ಳುಳ್ಳಿ ಘಾಟು ಹರಡಿತು. ಯಾವತ್ತಿನಿಂದ ಕೊಟ್ಟೆ, ದಿನಕ್ಕೆ ಎಷ್ಟು ಸಲ ಕೊಟ್ಟೆ, ಆಸ್ಪತ್ರೆಯಲ್ಲಿ ಹೇಗೆ ಬಾಯಿ ಮುಚ್ಚಿಕೊಂಡು ಕೂತೆ ಎಂದೆಲ್ಲ ಹೇಳಿದಳು. ಅಡುಗೆಯ ಕ್ರಮ ಹೇಳುವ ದನಿಯಲ್ಲೇ ಹೇಳಿದಳು. ಗಂಡನಿಗೆ ಗೊತ್ತಿತ್ತು ಎಂಬುದನ್ನೂ ಬಿಡಲಿಲ್ಲ.

ಸೊಸೆ ಭರಣಿಯನ್ನು ಹತ್ತಿರ ಎಳೆದು ಮೂಸಿದಳು. ಒಂದು ಲೋಟಕ್ಕೆ ಎಷ್ಟು, ಹಸಿಯದೋ ಬೇಯಿಸಿದ್ದೋ ಎಂದು ಮೊದಲು ಅದನ್ನೇ ಕೇಳಿದಳು. ಕೇಳಿದ ಮೇಲೆ, ಹಸಿ ಬೆಳ್ಳುಳ್ಳಿಯೂ ರಕ್ತ ತೆಳುವಾಗಿಸುತ್ತದೆ ಎಂದು ಹೇಳಿ ಭುಜ ಇಳಿಬಿಟ್ಟು ಉಸಿರು ಬಿಟ್ಟಳು. ಎಷ್ಟೋ ದಿನಗಳಿಂದ ಹೊತ್ತದ್ದು ಇಳಿದ ಹಾಗಿತ್ತು. ಆಮೇಲೆ ಅವಳ ಕಣ್ಣು ತುಂಬಿತು.

“ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ ಅತ್ತೆ.”

“ಕೇಳಬಹುದಿತ್ತು. ಹೊಟ್ಟೆಕಿಚ್ಚು ಬಿಡಲಿಲ್ಲ ಕಣಮ್ಮ.”

ಮಗ ಹೆಂಡತಿಯ ಕಡೆ ತಿರುಗಿ ಏನೋ ಹೇಳಹೊರಟ. ಈಗ ಬೇಡ, ಬೆಂಚಿನ ಮೇಲೆ ಆಡಿದ ಮಾತನ್ನು ಊಟದ ಮೇಜಿನ ಮೇಲೆ ವಾಪಸು ತೆಗೆದುಕೊಳ್ಳಲು ಬರುವುದಿಲ್ಲ ಎಂದಳು ಅವಳು. ಮಾವನನ್ನು ಮಾತ್ರ ಏನೂ ಕೇಳಲಿಲ್ಲ. ಭರಣಿ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದಳು. ಸೌಟಮ್ಮ ತಡೆಯಲಿಲ್ಲ.

ಅಷ್ಟಕ್ಕೆ ಎಲ್ಲವೂ ಸರಿಯಾಗಲಿಲ್ಲ. ಸೊಸೆ ಕೆಲಸ ಬಿಡಲಿಲ್ಲ, ಆದರೆ ಮನೆಯಲ್ಲಿ ಬೇಕಾದಷ್ಟೇ ಮಾತಾಡಿದಳು. ಮಗ ದಿನಾ ಬೆಳಗ್ಗೆ ತನ್ನ ಪಾಳಿಗೆ ಮುಂಚೆ ಅವಳನ್ನು ಕಾರ್ಖಾನೆಯ ಬಸ್ಸಿನ ನಿಲ್ದಾಣದವರೆಗೆ ಬಿಟ್ಟುಬರತೊಡಗಿದ. ಕೆಲವು ದಿನ ಇಬ್ಬರೂ ಮಾತಿಲ್ಲದೆ ನಡೆದರು, ಆಮೇಲೆ ಮಾತಾಡುತ್ತ ನಡೆದರು.

ಮೊದಲಿನ ಡಾಕ್ಟರ ಬಳಿಗೆ ದರ್ಜಿಯನ್ನು ಕರೆದೊಯ್ಯುವ ದಿನ ಸೊಸೆ ಅತ್ತೆಯನ್ನೂ ಹೊರಡಲು ಹೇಳಿದಳು. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಸೌಟಮ್ಮ ನಡುವೆ ಎರಡು ಸಲ ನಿಂತಳು. ಮೊಣಕಾಲು ಎಂದಳು. ಮೊಣಕಾಲು ನೋವಾದರೆ ಉಸಿರು ಯಾಕೆ ಕಟ್ಟಬೇಕು ಎಂದು ಸೊಸೆ ಕೇಳಿದಳು. ಒಳಗೆ ಹೋದ ಮೇಲೆ, ಇವರ ರಕ್ತವನ್ನೂ ನೋಡಿ ಎಂದು ಡಾಕ್ಟರಿಗೆ ಹೇಳಿದಳು. ಇಷ್ಟು ವರ್ಷಗಳಲ್ಲಿ ಯಾರೂ ಅವಳ ರಕ್ತ ನೋಡಿರಲಿಲ್ಲ. ನೋಡಿಸಬೇಕೆಂದು ಅವಳಿಗೂ ಅನಿಸಿರಲಿಲ್ಲ.

ಬಂದ ವರದಿಯನ್ನು ಡಾಕ್ಟರು ಇನ್ನೊಮ್ಮೆ ನೋಡಿದರು. ದರ್ಜಿಯ ಕೊಬ್ಬು ಎಂದೂ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ.

“ಏನು ಊಟ ಮಾಡ್ತೀರಮ್ಮ?” ಎಂದರು.

“ಎಲ್ಲರದೂ ಆದ ಮೇಲೆ ಇದ್ದಿದ್ದು” ಎಂದಳು ಸೌಟಮ್ಮ.

ಮನೆಗೆ ಬಂದು ಸೊಸೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು:

“ಅತ್ತೆ, ಮಾವನ ತಟ್ಟೆಯಿಂದ ತೆಗೆದಿದ್ದೆಲ್ಲ ಎಲ್ಲಿಗೆ ಹೋಗ್ತಿತ್ತು?”

ಸೌಟಮ್ಮ ಒಲೆಯ ಕಡೆ ನೋಡಿದಳು. ಹಾಲಿನಿಂದ ತೆಗೆದ ಕೆನೆ, ಮೊಟ್ಟೆಯ ಹಳದಿಗಳು, ಸುಲಿದ ಚರ್ಮವನ್ನು ಗರಿಗರಿಯಾಗಿ ಹುರಿದದ್ದು, ಬಾಣಲೆಯ ತಳದ ಜಿಡ್ಡಿಗೆ ಒತ್ತಿದ ಬ್ರೆಡ್ಡಿನ ಚೂರು, ಎಲ್ಲವೂ ಇದೇ ಒಲೆಯ ಪಕ್ಕದಲ್ಲಿ ನಿಂತು ತಿಂದದ್ದು.

“ಎಸೆಯೋಕಾಗುತ್ತಾ?” ಎಂದಳು ಕೊನೆಗೆ. “ಅವರಿಗೆ ಬೇಡವಾಗಿದ್ದು ಯಾರಿಗಾದ್ರೂ ಬೇಕಾಗ್ಬೇಕಲ್ಲ.”

ಹಾಗೆ ಹೇಳಿ ಅವಳು ಅತ್ತಳು. ಕೊಬ್ಬಿಗಾಗಿ ಅತ್ತದ್ದಲ್ಲ. ಸೊಸೆ ಹತ್ತಿರ ಹೋಗಿ ಸಮಾಧಾನ ಮಾಡಲಿಲ್ಲ, ಅಷ್ಟು ಬೇಗ ಅದು ಅವಳಿಂದ ಆಗುವಂತಿರಲಿಲ್ಲ. ಒಂದು ಮಣೆ ಎಳೆದುಕೊಂಡು ಎದುರಿಗೆ ಕೂತು ಬೀನ್ಸಿನ ನಾರು ತೆಗೆಯತೊಡಗಿದಳು.

ನನಗೂ ಆ ಮುಳ್ಳುಗಿಡದ್ದನ್ನೇ ಕೊಡು ಎಂದು ಸೌಟಮ್ಮ ಆಮೇಲೆ ಕೇಳಿದಳು. ಸೊಸೆ ಒಪ್ಪಲಿಲ್ಲ. ಇಷ್ಟು ಏರಿದ್ದಕ್ಕೆ ಎಲೆ ಸಾಲದು, ಡಾಕ್ಟರು ಬರೆದ ಗುಳಿಗೆಯನ್ನೇ ನುಂಗಬೇಕು, ತಾನು ಇನ್ನು ಮುಂದೆ ಮನೆಗೆ ಏನನ್ನೂ ತರುವುದಿಲ್ಲ ಎಂದಳು. ಆದರೆ ಊಟಕ್ಕೆ ಅತ್ತೆ ಎಲ್ಲರ ಜೊತೆ ಮೇಜಿಗೇ ಬಂದು ಕೂರಬೇಕು, ಬಡಿಸಿದ್ದನ್ನು ತಾನು ನೋಡಬೇಕು ಎಂದು ಷರತ್ತು ಹಾಕಿದಳು. ಗುಳಿಗೆ ಕೊಡುವುದು, ನೀರು ಕೊಡುವುದು, ನುಂಗುವವರೆಗೆ ನಿಲ್ಲುವುದು ಈಗ ಅತ್ತೆಗೆ.

ಇಬ್ಬರಿಗೂ ಮಾತಾಡಲು ವಿಷಯ ಸಿಕ್ಕಿತು. ಎಣ್ಣೆ ಇಲ್ಲದೆ ಬದನೆಕಾಯಿಗೆ ರುಚಿ ಬರುವುದು ಹೇಗೆ ಎಂಬುದೇ ಒಂದು ವಾರದ ಜಗಳವಾಯಿತು. ಸುಟ್ಟು ಮಾಡಿದರೆ ಬರುತ್ತದೆ ಎಂದು ಸೌಟಮ್ಮ ಗೆದ್ದಳು.

ದರ್ಜಿಯನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೇನೋ. ಅವನ ಊಟ ಹೊತ್ತಿಗೆ ಸರಿಯಾಗಿ ಬರುತ್ತಿತ್ತು, ಅಷ್ಟೇ. ಬೆನ್ನು ನೋವು ಎಂದ. ಮಗ ಮುಲಾಮು ತಂದುಕೊಟ್ಟ. ನಿದ್ದೆ ಬರುತ್ತಿಲ್ಲ ಎಂದ. ಹಗಲು ಮಲಗಬೇಡಿ ಎಂದು ಸೊಸೆ ಹೇಳಿ ಅತ್ತೆಯ ಗುಳಿಗೆ ತರಲು ಹೋದಳು. ಕೋಟಿನ ಅಳತೆಗೆ ಬಂದವರಿಗೆ ಅವನು ಈಗ ತುಕ್ಕಿನ ಕತೆ ಹೇಳುತ್ತಿರಲಿಲ್ಲ.

ಒಂದು ಸಂಜೆ ಊಟಕ್ಕೆ ಕೂತಾಗ ಇಬ್ಬರು ಹೆಂಗಸರೂ ಯಾವುದೋ ಮಾತಿನಲ್ಲಿ ಮುಳುಗಿದ್ದರು. ದರ್ಜಿ ತಟ್ಟೆ ಮುಂದಿಟ್ಟುಕೊಂಡು ಕಾದ. ಕೆಮ್ಮಿದ. ಮಗ ಇನ್ನೂ ಬಂದಿರಲಿಲ್ಲ.

“ನನಗೆ ಯಾರೂ ಬಡಿಸೋದಿಲ್ವಾ?”

“ಪಾತ್ರೆ ನಿಮ್ಮ ಪಕ್ಕದಲ್ಲೇ ಇದೆಯಲ್ಲ ಮಾವ” ಎಂದಳು ಸೊಸೆ, ಮುಖ ತಿರುಗಿಸದೆ.

“ನಿಮ್ಮಿಬ್ಬರದೇ ಒಂದು ಮನೆ ಆಗಿಬಿಟ್ಟಿದೆ ಈಗ” ಎಂದ ಅವನು. ಮಾತು ನಗುತ್ತ ಹೊರಟದ್ದು, ನಗುವಾಗಿ ಮುಗಿ​ಯಲಿಲ್ಲ. ಸೌಟಮ್ಮ ಮಾತು ನಿಲ್ಲಿಸಿ ಅವನ ಮುಖ ನೋಡಿದಳು. ಆ ಮುಖದಲ್ಲಿ ಇದ್ದದ್ದು ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ತಿಂಗಳು ಅವಳೇ ಅದನ್ನು ಹೊತ್ತು ತಿರುಗಿದ್ದಳು. ಅಯ್ಯೋ ಪಾಪ ಎನಿಸಿತು. ಆದರೂ ಏಳಲಿಲ್ಲ.

ಸ್ವಲ್ಪ ಹೊತ್ತಾದ ಮೇಲೆ ದರ್ಜಿ ತಾನೇ ಎದ್ದ. ಸೌಟು ಹಿಡಿದ. ತನ್ನ ತಟ್ಟೆಗೆ ಹಾಕಿಕೊಂಡ. ಸೊಸೆಗೆ ಹಾಕಿದ. ಹೆಂಡತಿಯ ತಟ್ಟೆಯ ಹತ್ತಿರ ಬಂದು ಸೌಟನ್ನು ಎತ್ತಿ ಹಿಡಿದು ಹಾಗೇ ನಿಂತ. ಅವಳು ಎಷ್ಟು ಉಣ್ಣುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ.

“ಎಷ್ಟು ಹಾಕ್ಲಿ?”

“ಹಾಕ್ತಾ ಇರಿ” ಎಂದಳು ಸೌಟಮ್ಮ. “ಸಾಕಾದಾಗ ಹೇಳ್ತೀನಿ.”

ಅವನು ಹಾಕಿದ. ಅವಳ ಕಡೆ ನೋಡಿ ಇನ್ನಷ್ಟು ಹಾಕಿದ. ಅವಳು ಬೇಗ ಸಾಕು ಅನ್ನಲಿಲ್ಲ.